ಮೂವತ್ತೇಳು ಸೆಂಟಿನ ಜಾಡು

“ಇನ್ನೊಂದು ಸಲ ಯೋಚನೆ ಮಾಡಿ ಹೇಳು, ಓರಿನ್. ಈ ಚೌಕದೊಳಗೆ ನೀನು ಏನೂ ತುಂಬಿಲ್ಲ ತಾನೇ?”

“ಇಲ್ಲ ಅಂದೆನಲ್ಲ. ಅಲ್ಲಿ ಕೈ ಇಡಬೇಡ ಅಂತ ಹೋದ ವರ್ಷ ನೀನೇ ಬೈದಿದ್ದೆ. ನಿನ್ನ ಹತ್ರ ಬೈಸಿಕೊಂಡಿದ್ದು ಅಷ್ಟು ಬೇಗ ಮರೆಯುತ್ತಾ?”

ಆರ್ಡಿಸ್ ಸ್ಟೆನ್ಸ್‌ರುಡ್ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಕಂಪ್ಯೂಟರಿನತ್ತ ನೋಡಿದಳು. ಕೆಂಪು ಸಾಲು ಅಲ್ಲೇ ಕೂತಿತ್ತು. ಆಸ್ಪತ್ರೆ ಖರ್ಚಿಗೆಂದು ತೆರಿಗೆಯಿಲ್ಲದೆ ಹಣ ಕೂಡಿಡುವ ಆರೋಗ್ಯ ಉಳಿತಾಯ ಖಾತೆಗೆ ವರ್ಷದ ಮಿತಿ ಮೀರಿ ಹಣ ಬಿದ್ದಿದೆ, ದಂಡ ಕಟ್ಟತಕ್ಕದ್ದು ಎಂದು ಅದು ಮೂರನೇ ಸಲ ಹೇಳುತ್ತಿತ್ತು.

ಇದೇ ಸಾಲು ಚೀಸ್ ಕಾರ್ಖಾನೆಯ ಇನ್ನೂ ಮೂವರ ಲೆಕ್ಕದಲ್ಲಿ ಎದ್ದು, ಹೋದ ವಾರ ಆರ್ಡಿಸ್ ಕೈಯಲ್ಲಿ ಅಳಿಸಿ ಹೋಗಿತ್ತು. ಓರಿನ್ ಟ್ವೆಟನ್ ನಾಲ್ಕನೆಯವನು; ಅವನ ಲೆಕ್ಕ ಮಾತ್ರ ವಾರದಿಂದ ಬಗೆಹರಿದಿರಲಿಲ್ಲ.

ಆ ಮೂವರದು ಪಾಪದ ತಪ್ಪು. ಕಾರ್ಖಾನೆಯವರು ಸಂಬಳದಲ್ಲಿ ಹಿಡಿದು ಖಾತೆಗೆ ಕಳಿಸುವ ಹಣ ವರ್ಷದ ಸಂಬಳ ಚೀಟಿಯಲ್ಲಿ ಡಬ್ಲ್ಯು ಅಕ್ಷರದ ಪಕ್ಕ ಅಚ್ಚಾಗಿಯೇ ಬರುತ್ತದೆ. ಮುಂದೆ ಕಂಪ್ಯೂಟರು ‘ನೀವೆಷ್ಟು ಹಾಕಿದ್ದೀರಿ’ ಎಂದು ಕೇಳಿದ್ದೇ ತಡ, ನಮ್ಮ ದುಡ್ಡು ತಾನೇ, ನಾವೇ ಹಾಕಿದ್ದು ತಾನೇ ಎಂದು ಅದೇ ಮೊತ್ತವನ್ನು ಇನ್ನೊಮ್ಮೆ ತುಂಬಿದ್ದರು. ಒಂದು ಎರಡಾಗಿ, ಕೆಂಪು ಎದ್ದಿತ್ತು. ಎರಡನೆಯದನ್ನು ಅಳಿಸಿದೊಡನೆ ಮೂವರೂ ನಿಟ್ಟುಸಿರು ಬಿಟ್ಟು ಮೀನು ಹಿಡಿಯಲು ಹೋದರು.

ಓರಿನ್ ಹಾಗೆ ಮಾಡಿರಲಿಲ್ಲ. ಅದೇ ತಲೆನೋವು.

“ಹುಟ್ಟಿದ ವರ್ಷ ಸರಿಯಾಗಿ ಹಾಕಿದ್ದೀಯಾ?” ಪಕ್ಕದ ಮೇಜಿನಿಂದ ಲೈಲ್ ಕೇಳಿದ. “ಐವತ್ತೈದು ದಾಟಿದವರಿಗೆ ಮಿತಿ ಒಂದು ಸಾವಿರ ಜಾಸ್ತಿ. ಇವನ ಮುಖ ನೋಡಿದ್ರೆ ಕಂಪ್ಯೂಟರಿಗೂ ನಲವತ್ತು ಅನ್ನಿಸಿರಬೇಕು.”

“ಸರಿಯಾಗೇ ಹಾಕಿದ್ದೀನಿ. ವಿಮೇನೂ ವರ್ಷಪೂರ್ತಿ ಒಂದೇ. ಒಬ್ಬನದು, ಸಂಸಾರದ್ದಲ್ಲ,” ಎಂದಳು ಆರ್ಡಿಸ್.

“ಹಾಗಾದ್ರೆ ಕಂಪ್ಯೂಟರೇ ಕೆಟ್ಟಿದೆ.”

“ನಿನ್ನ ಪ್ರಯೋಗಶಾಲೆ ಸುಟ್ಟಾಗಲೂ ನೀನು ಬರ್ನರ್ ಕೆಟ್ಟಿದೆ ಅಂತಾನೇ ಅಂದಿದ್ದೆ, ಲೈಲ್.”

ಲೈಲ್ ವುಕೊವಿಚ್ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದವನು. ಸ್ಟರ್ಜನ್ ಬೆಂಡ್ ಊರಿನ ಅರ್ಧ ಜನಕ್ಕೆ ಅಂಕ ಕಡಿಮೆ ಹಾಕಿದ ಪಾಪವನ್ನು ಈಗ ಅವರ ತೆರಿಗೆ ಬರೆದುಕೊಟ್ಟು ಕಳೆದುಕೊಳ್ಳುತ್ತಿದ್ದ. ಫೆಬ್ರವರಿಯಿಂದ, ತೆರಿಗೆಯ ಕೊನೆಯ ದಿನವಾದ ಏಪ್ರಿಲ್ ಹದಿನೈದರವರೆಗೆ, ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಇವರಿಬ್ಬರದೇ ಕಾರುಬಾರು. ಕೆಲಸ ಪುಕ್ಕಟೆ, ಕಾಫಿ ಪುಕ್ಕಟೆ. ಬದಲಿಗೆ ಒಂದು ಪ್ರಮಾಣಪತ್ರಕ್ಕೆ ಇಬ್ಬರೂ ಸಹಿ ಹಾಕಿದ್ದರು: ಈ ಮೇಜಿನ ಮೇಲೆ ಕಂಡದ್ದು, ಕೇಳಿದ್ದು ಮೆಟ್ಟಿಲು ಹತ್ತಿ ಹೊರಗೆ ಹೋಗುವಂತಿಲ್ಲ. ಮನೆಯಲ್ಲಿರುವ ಗಂಡನಿಗೋ ಹೆಂಡತಿಗೋ ಕೂಡ ಹೇಳುವಂತಿಲ್ಲ.

ಆರ್ಡಿಸ್‌ಗೆ ಅದೇನೂ ಕಷ್ಟವಿರಲಿಲ್ಲ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸದಲ್ಲೇ ಕೂದಲು ನೆರೆಸಿಕೊಂಡವಳು. ತಮ್ಮ ಕೊಟ್ಟಿಗೆಗೆ ತಾವೇ ಬೆಂಕಿ ಇಟ್ಟುಕೊಂಡು ಅಳುತ್ತಾ ಬಂದವರ ಕಥೆಗಳೆಲ್ಲ ಅವಳ ಹೊಟ್ಟೆಯಲ್ಲಿ ಭದ್ರವಾಗಿದ್ದವು.

“ಓರಿನ್, ಫೋನ್ ತೆಗಿ. ನಿನ್ನ ಖಾತೆಗೆ ಯಾವ ಯಾವ ದಿನ ಎಷ್ಟು ಬಂತು, ನೋಡಿಬಿಡೋಣ.”

ಓರಿನ್ ಚೀಸ್ ಮಾಡುವವನು. ಗಟ್ಟಿಯಾಗುವ ಹಾಲನ್ನು ಹೊರಳಿಸಿ ಹೊರಳಿಸಿ ಅವನ ಬೆರಳುಗಳು ದಪ್ಪಗಾಗಿ, ಫೋನಿನ ಮೇಲೆ ಒತ್ತಿದ್ದೊಂದು ತೆರೆದದ್ದೊಂದು ಆಗುತ್ತಿತ್ತು. ಬಲ ಸೊಂಟ ಹಾಳಾಗಿ ಎರಡು ವರ್ಷದಿಂದ ಕುಂಟುತ್ತಿದ್ದ. ಬೇಸಿಗೆಯಲ್ಲಿ ಆಪರೇಶನ್. ಅದಕ್ಕೆಂದೇ ಪ್ರತಿ ಸಂಬಳದಲ್ಲೂ ಹಿಡಿಸಿ, ಖಾತೆಯನ್ನು ಮಿತಿಯ ಅಂಚಿನವರೆಗೆ ತುಂಬಿಸಿಟ್ಟಿದ್ದ. ತುಂಬಿದ ಹಾಲಿನ ಕ್ಯಾನಿಗೆ ಇನ್ನೊಂದು ಲೋಟ ಸುರಿದರೂ ಚೆಲ್ಲುತ್ತದೆ.

ಯಾರೋ ಸುರಿದಿದ್ದರು.

ಸಾಲುಗಳೆಲ್ಲ ಒಂದೇ ಅಳತೆಯವು, ಎರಡು ವಾರಕ್ಕೊಂದರಂತೆ. ಡಿಸೆಂಬರಿನಲ್ಲಿ ಮಾತ್ರ ಒಂದು ಪರದೇಶಿ ಸಾಲು: ಎರಡು ಸಾವಿರದ ಏಳುನೂರ ತೊಂಬತ್ತಮೂರು ಡಾಲರ್, ಮೂವತ್ತೇಳು ಸೆಂಟ್. ಪಕ್ಕದಲ್ಲಿ, ‘ಕಟ್ಟಿದವರು: ಉದ್ಯೋಗದಾತ’.

“ಹೂಂ, ಇದೇ,” ಎಂದ ಓರಿನ್. “ಇದನ್ನ ನೋಡಿಯೇ ನಾನು ಸೋಮವಾರ ಕ್ಲೇಟನ್ ಹತ್ರ ಹೋಗಿ ಕೇಳಿದ್ದು. ಕೇಳಬಾರದಿತ್ತು. ಬಾಯಿ ಮುಚ್ಕೊಂಡು ದಂಡ ಕಟ್ಟಿದ್ರೆ ಆಗ್ತಿತ್ತು.”

ಕ್ಲೇಟನ್ ರೈಶ್ ಕಾರ್ಖಾನೆಯ ಮ್ಯಾನೇಜರ್.

“ದಂಡದ ಮಾತು ಬಿಡು. ಹೆಚ್ಚಾದದ್ದನ್ನ, ಅದರ ಬಡ್ಡಿ ಸಮೇತ, ಹದಿನೈದರೊಳಗೆ ವಾಪಸ್ ತೆಗೆದುಬಿಟ್ರೆ ದಂಡ ಇಲ್ಲ. ಇರೋ ವಿಷಯ ಬೇರೆ. ಕಾರ್ಖಾನೆ ಕೊಟ್ಟ ಚೀಟೀಲಿ ಈ ಹಣ ಇಲ್ಲ. ಬ್ಯಾಂಕು ಕಳಿಸಿದ ವರ್ಷದ ಲೆಕ್ಕದಲ್ಲಿದೆ, ಕೆಂಪು ಎದ್ದಿದ್ದು ಅದಕ್ಕೇ; ಅದೂ ಕಾರ್ಖಾನೆಯದು ಅಂತ. ಯಾರೋ ಒಬ್ಬರು ಸುಳ್ಳು ಹೇಳಿದ್ದಾರೆ.”

ಓರಿನ್ ಅಲ್ಲೇ ಕೂತು ಸಹಕಾರಿ ಬ್ಯಾಂಕಿಗೆ ಫೋನ್ ಹಚ್ಚಿದ. ಅವರಿಗೆ ಗೊತ್ತಿದ್ದದ್ದು ಇಷ್ಟೇ. ಆ ಹಣ ನಗದಾಗಿ, ಹೊರಗೋಡೆಯ ಕಂಡಿಯಲ್ಲಿ ಹಾಕಿದ ಕಾರ್ಖಾನೆಯ ಚೀಲದೊಳಗೆ ಬಂದಿತ್ತು. ಜೊತೆಗಿದ್ದ ಚೀಟಿಯಲ್ಲಿ ‘ಉದ್ಯೋಗದಾತ’ ಎಂಬ ಚೌಕಕ್ಕೆ ಗುರುತು ಹಾಕಿತ್ತು. ಸಹಿ ಇರಲಿಲ್ಲ.

“ಕಾರ್ಖಾನೆಯ ಚೀಲ ಬ್ಯಾಂಕಿಗೆ ಒಯ್ಯೋದು ಯಾರು?” ಎಂದು ಲೈಲ್ ಕೇಳಿದ.

ಉತ್ತರವೇ ಮನೆಯಲ್ಲಿ ಮಾಡಿದ ಸಿಹಿತಿಂಡಿ, ಲಿಂಬೆ ಬಾರ್‌ಗಳ ತಟ್ಟೆ ಹಿಡಿದು ಮೆಟ್ಟಿಲಿಳಿದು ಬರುತ್ತಿತ್ತು.

ಮಾರ್ಲಿಸ್ ಡೂರ್ ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ನೋಡುವವಳು, ಸಾಮಾನ್ಯವಾಗಿ ಚೀಲ ಒಯ್ಯುವವಳೂ ಅವಳೇ. ಗಂಡ ಸತ್ತ ಮೇಲೂ ಬಣ್ಣದ ಸ್ವೆಟರ್ ಬಿಡದವಳು. ಶನಿವಾರದ ಪೋಲ್ಕಾ ಕುಣಿತದಲ್ಲಿ ಓರಿನ್‌ನ ಕೆಟ್ಟ ಸೊಂಟಕ್ಕೆ ತಕ್ಕಂತೆ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದವಳು ಅವಳೊಬ್ಬಳೇ. ಇವತ್ತು ಅವಳ ಕಣ್ಣು ಊದಿತ್ತು.

“ತಿನ್ನಿ. ಸಕ್ಕರೆ ಜಾಸ್ತಿ ಆಗಿದೆ, ಬೇಜಾರಲ್ಲಿ ಮಾಡಿದ್ದು,” ಎಂದು ತಟ್ಟೆ ಇಟ್ಟಳು. ಓರಿನ್‌ನತ್ತ ನೋಡಲಿಲ್ಲ. “ಆರ್ಡಿಸ್, ನಾಳೆ ಸಂಜೆ ತನಕ ಟೈಮು ಕೊಟ್ಟಿದ್ದಾನೆ ಕ್ಲೇಟನ್. ಆ ಹಣ ಎಲ್ಲಿಂದ ಬಂತು ಅಂತ ನಾನು ತೋರಿಸಬೇಕಂತೆ. ಇಲ್ದಿದ್ರೆ ಕಾರ್ಖಾನೆ ದುಡ್ಡು ತೆಗೆದು ಓರಿನ್‌ಗೆ ಹಾಕಿದ್ದೇ ನಾನು ಅಂತ ಬರೆದುಕೊಳ್ತಾನಂತೆ.”

“ಕಾರ್ಖಾನೆ ಲೆಕ್ಕದಲ್ಲಿ ಕಮ್ಮಿ ಬಿದ್ದಿದೆಯಾ?”

“ಒಂದು ಸೆಂಟೂ ಇಲ್ಲ. ಹಾಗಂದ್ರೆ, ಕಮ್ಮಿ ಬಿದ್ದಿದ್ದು ಕಾಣದ ಹಾಗೆ ಮುಚ್ಚೋದು ನಿನಗೆ ಚೆನ್ನಾಗಿ ಬರುತ್ತೆ ಅಂತಾನೆ. ಆಮೇಲೆ ಶನಿವಾರದ ಕುಣಿತದ ಮಾತು ಎತ್ತಿದ.”

ಓರಿನ್‌ನ ಕಿವಿ ಕೆಂಪಾಯಿತು. “ನಾನು ಹೋಗಿ ಅವನ ಮೂತಿಗೆ...”

“ಕೂತ್ಕೋ. ನಿನ್ನ ಸೊಂಟ ಅಲ್ಲೀತನಕ ಬರಲ್ಲ,” ಎಂದಳು ಮಾರ್ಲಿಸ್. ಆ ಮೇಲೆ ಮೆಲ್ಲಗೆ, “ಕೆಲಸ ಹೋದ್ರೆ ಇನ್ನೊಂದು ಹುಡುಕ್ತೀನಿ ಆರ್ಡಿಸ್. ಕಳ್ಳಿ ಅನ್ನಿಸ್ಕೊಂಡು ಈ ಊರಲ್ಲಿ ಯಾರ ಮನೆಗೆ ಲಿಂಬೆ ಬಾರ್ ತಗೊಂಡು ಹೋಗಲಿ?”

ಸುಳ್ಳರನ್ನು ನೋಡಿ ನೋಡಿ ಪಳಗಿದ ಕಣ್ಣು ಆರ್ಡಿಸ್‌ಳದು. ಈ ಹೆಂಗಸು ಸುಳ್ಳು ಹೇಳುತ್ತಿಲ್ಲ. ಆದರೆ ಅದು ಕ್ಲೇಟನ್‌ಗೆ ತೋರಿಸುವ ಪುರಾವೆಯಲ್ಲ.

ಅವರಿಬ್ಬರೂ ಹೋದ ಮೇಲೆ ಲೈಲ್ ಎರಡನೇ ಬಾರ್ ಎತ್ತಿಕೊಂಡ.

“ಒಂದು ಮಾತು. ಒಬ್ಬರ ಆರೋಗ್ಯ ಖಾತೆಗೆ ಅವರೇ ಹಾಕಬೇಕು, ಇಲ್ಲಾ ಕೆಲಸ ಕೊಟ್ಟವರೇ ಹಾಕಬೇಕು ಅಂತಿಲ್ಲ. ಯಾರು ಬೇಕಾದ್ರೂ ಹಾಕಬಹುದು. ದಾರೀಲಿ ಹೋಗೋ ಪೋಸ್ಟ್‌ಮ್ಯಾನ್ ಕೂಡ.”

“ಗೊತ್ತು. ಅದನ್ನೇ ಯೋಚಿಸ್ತಿದ್ದೀನಿ. ಓರಿನ್‌ಗೆ ದುಡ್ಡು ಕೊಡಬೇಕು ಅಂತ ಯಾರಿಗಿತ್ತು?”

ಲೈಲ್ ನಕ್ಕ. “ಇಡೀ ಊರಿಗೇ ಇತ್ತು. ಮರೆತೆಯಾ? ನೀನೇ ಬೇಕನ್ ಗೆದ್ದುಕೊಂಡು ಹೋಗಿದ್ದೆ.”

ಆರ್ಡಿಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ವೆರ್ನ್ ಕುಬಿಯಾಕ್‌ನ ಬಾರು-ಹೋಟೆಲಿನ ಮಾಂಸದ ಲಾಟರಿ.

ನವೆಂಬರಿನಲ್ಲಿ, ಜಿಂಕೆ ಬೇಟೆ ಶುರುವಾಗುವ ಮುಂಚಿನ ವಾರ, ವೆರ್ನ್ ತನ್ನ ಬಾರಿನಲ್ಲಿ ಓರಿನ್‌ನ ಆಪರೇಶನ್ನಿಗಾಗಿ ಲಾಟರಿ ಇಟ್ಟಿದ್ದ. ಊರವರೆಲ್ಲ ಟಿಕೆಟ್ ಕೊಂಡು ಬಹುಮಾನಕ್ಕಿಟ್ಟ ಹಂದಿಮಾಂಸದ ಹ್ಯಾಮು, ಸಾಸೇಜು, ಬೇಕನ್ನಿಗಾಗಿ ಕೂಗಾಡಿದ್ದರು. ಕೊನೆಗೆ ವೆರ್ನ್ ಹಣದ ಡಬ್ಬಿ ಎತ್ತಿ ಹೆಸರು ಕರೆದಾಗ ಓರಿನ್ ಎದ್ದು ನಿಂತು, “ನನ್ನ ಸೊಂಟ ನನ್ನದು, ಅದಕ್ಕೆ ಹಂದಿ ಮಾರಬೇಕಾಗಿಲ್ಲ,” ಎಂದು ಟೊಪ್ಪಿಗೆ ಹಾಕಿಕೊಂಡು ಹೊರಟುಬಿಟ್ಟಿದ್ದ. ಆ ಡಬ್ಬಿಯ ಗತಿ ಏನಾಯಿತೆಂದು ಆಮೇಲೆ ಯಾರೂ ಕೇಳಲಿಲ್ಲ. ಸ್ಟರ್ಜನ್ ಬೆಂಡ್‌ನಲ್ಲಿ ಒಬ್ಬನ ಮುಖ ಕೆಂಪಾದದ್ದನ್ನು ಕಂಡವರೆಲ್ಲ ಹವಾಮಾನದ ಮಾತಾಡುತ್ತಾರೆ.

“ಊರವರು ಸೇರಿ, ಅವನು ಬೇಡ ಅನ್ನೋಕಾಗದ ಜಾಗಕ್ಕೆ ಹಾಕಿಬಿಟ್ಟಿದ್ದಾರೆ,” ಎಂದಳು ಆರ್ಡಿಸ್. “ಕೊಟ್ಟವರ್ಯಾರು ಅಂತ ಗೊತ್ತಾಗಬಾರದು ಅಂತ ಕಾರ್ಖಾನೆಯ ಚೌಕಕ್ಕೆ ಗುರುತು ಹಾಕಿದ್ದಾರೆ. ಒಳ್ಳೇದು ಮಾಡೋಕೆ ಹೋಗಿ ಮಾರ್ಲಿಸ್ ಕುತ್ತಿಗೆಗೆ ತಂದಿಟ್ಟಿದ್ದಾರೆ. ಈ ಊರು ಬಿಟ್ಟು ಬೇರೆಲ್ಲೂ ಆಗೋ ತಪ್ಪಲ್ಲ ಇದು.”

ಅವಳು ಬಾರಿಗೆ ಹೋದಾಗ ವೆರ್ನ್ ಕೌಂಟರಿನ ಹಿಂದೆ ನಾಳೆಯ ಮೀನಿಗೆ ಹಿಟ್ಟು ಕಲಸುತ್ತಿದ್ದ. ಬಾರಿನಲ್ಲಿ ಇನ್ನಾರೂ ಇರಲಿಲ್ಲ.

“ವೆರ್ನ್, ನವೆಂಬರಿನ ಲಾಟರಿ ದುಡ್ಡು ಏನಾಯ್ತು?”

“ಯಾವ ಲಾಟರಿ?”

“ನಾನೂ ಟಿಕೆಟ್ ಕೊಂಡವಳು. ಕೇಳೋ ಹಕ್ಕಿದೆ.”

“ಬೇಕನ್ ಗೆದ್ದವರು ಇನ್ನೂ ಏನು ಕೇಳೋದು?” ವೆರ್ನ್ ಹಿಟ್ಟಿನ ಕೈ ಒರೆಸಿಕೊಂಡ. ಆರ್ಡಿಸ್ ಅಲ್ಲಾಡಲಿಲ್ಲ. ಅವನು ಬಾಗಿಲತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. “ಸೇರಬೇಕಾದಲ್ಲಿಗೆ ಸೇರಿದೆ. ಅಷ್ಟೇ ಹೇಳ್ತೀನಿ. ಒಯ್ದವರ ಹೆಸರು ಕೇಳಬೇಡ, ಆಣೆ ಇಟ್ಟಿದ್ದೀನಿ.”

“ಹೆಸರು ಬೇಡ. ಟಿಕೆಟ್ ಬೆಲೆ ಎಷ್ಟಿತ್ತು?”

“ಒಂದು ಡಾಲರ್. ನಿನಗೇ ಗೊತ್ತಲ್ಲ.”

“ಚಿಲ್ಲರೆ ಏನಾದ್ರೂ ಬಿತ್ತಾ ಡಬ್ಬೀಲಿ?”

“ಎಲ್ಲಾ ನೋಟು. ಆರುನೂರ ಹನ್ನೆರಡು. ಚಿಲ್ಲರೆ ಹಾಕಿದವನಿಗೆ ನಾನು ಟಿಕೆಟ್ ಕೊಡ್ತಿದ್ನಾ?”

ಆರುನೂರ ಹನ್ನೆರಡು. ಹಾಗಾದರೆ ಉಳಿದದ್ದು ಯಾರದು? ಮೂವತ್ತೇಳು ಸೆಂಟ್ ಯಾರದು? ನೋಟು ಕೊಡುವವನು ಸೆಂಟು ಎಣಿಸುವುದಿಲ್ಲ. ಸೆಂಟಿನ ಲೆಕ್ಕ ಬರುವುದು ತನ್ನಲ್ಲಿದ್ದದ್ದನ್ನೆಲ್ಲ ತಳ ಕಾಣುವವರೆಗೆ ಸುರಿದವನಿಂದ. ಯಾರೋ ಒಂದು ಡಬ್ಬಿಯನ್ನೋ ಜಾಡಿಯನ್ನೋ ಬೋರಲು ಹಾಕಿದ್ದಾರೆ.

ಕಾರು ಮನೆಯ ಅಂಗಳಕ್ಕೆ ತಿರುಗುವಾಗ ಅವಳ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು.

ಜಾಡಿ.

ಅಡುಗೆಮನೆಯಲ್ಲಿ ಡೆಲ್ಮರ್ ಆಲೂಗೆಡ್ಡೆ ಹುರಿಯುತ್ತಿದ್ದ. ಸಂಜೆಯ ಬಿಸಿಲು ಕಿಟಕಿಯಿಂದ ಬಂದು ಅವನ ಬೋಳುತಲೆಯ ಮೇಲೆ ಕೂತಿತ್ತು. ರೇಡಿಯೋದಲ್ಲಿ ಬೇಸ್‌ಬಾಲ್. ಅವಳ ಗಂಡ ಎಂದಿನಂತೆ ಲೋಕದಲ್ಲಿ ಎಲ್ಲದಕ್ಕೂ ತೃಪ್ತನಾಗಿದ್ದ.

“ಬಂದ್ಯಾ? ಇವತ್ತು ಯಾರು ಯಾರು ಅತ್ತರು?”

“ಹೇಳೋ ಹಾಗಿಲ್ಲ.”

“ಗೊತ್ತು. ಸುಮ್ಮನೆ ಕೇಳಿದೆ.”

ಕಪಾಟಿನ ಮೇಲೆ ಉಪ್ಪಿನಕಾಯಿಯ ಹಳೇ ಗಾಜಿನ ಜಾಡಿ. ಹೆಪ್ಪುಗಟ್ಟಿದ ಕೆರೆಯಲ್ಲಿ ಮೀನಿಗಾಗಿ ಐಸ್ ಕೊರೆಯುವ ಹೊಸ ಮಷಿನ್ ಕೊಳ್ಳಬೇಕೆಂದು ಡೆಲ್ಮರ್ ವರ್ಷಗಟ್ಟಲೆ ಅದರೊಳಗೆ ಚಿಲ್ಲರೆ ಹಾಕುತ್ತ ಬಂದಿದ್ದ. ಡಿಸೆಂಬರಿನಲ್ಲಿ ಒಂದು ದಿನ ಜಾಡಿ ಬರಿದಾಗಿತ್ತು. ಮಷಿನ್ ತಗೊಂಡೆ, ಶೆಡ್ಡಿನಲ್ಲಿದೆ ಅಂದಿದ್ದ. ಆರ್ಡಿಸ್ ನೋಡಲು ಹೋಗಿರಲಿಲ್ಲ. ಕೆರೆಯ ಮೇಲೆ ಕೂತು ನಡುಗುವ ಸುಖದಲ್ಲಿ ಅವಳಿಗೆ ಪಾಲು ಬೇಕಿರಲಿಲ್ಲ.

ಈಗ ಹೋದಳು. ಶೆಡ್ಡಿನ ಗೋಡೆಗೆ ಅದೇ ಹಳೇ ಕೈಕೊರೆತದ ಸಲಾಕೆ ಒರಗಿತ್ತು. ಮುರಿದ ಹಿಡಿಗೆ ಸುತ್ತಿದ್ದ ಟೇಪು ಹೊಸದು.

ಅವಳು ವಾಪಸ್ ಬಂದು ಜಾಡಿಯನ್ನು ಕಪಾಟಿನಿಂದ ಇಳಿಸಿ, ಊಟದ ಮೇಜಿನ ನಡುವೆ ಇಟ್ಟು, ಎದುರು ಕುರ್ಚಿಯಲ್ಲಿ ಕೂತಳು.

“ಡೆಲ್ಮರ್, ಹೊಸ ಮಷಿನ್ ಎಲ್ಲಿ?”

ಅವನು ಜಾಡಿಯನ್ನು ನೋಡಿದ. ಹೆಂಡತಿಯ ಮುಖ ನೋಡಿದ. ಒಲೆ ಸಣ್ಣ ಮಾಡಿದ.

“ಯಾಕೆ ಕೇಳ್ತಿದ್ದೀಯ?”

“ಹೇಳೋ ಹಾಗಿಲ್ಲ.”

“ಹಾಗಾದ್ರೆ ನಾನೂ ಹೇಳೋ ಹಾಗಿಲ್ಲ.”

“ನಾನು ಬರೆದುಕೊಟ್ಟು ಸಹಿ ಹಾಕಿದ್ದೀನಿ.”

“ನಾನು ಆಣೆ ಇಟ್ಟಿದ್ದೀನಿ.”

“ಯಾರ ಹತ್ರ? ವೆರ್ನ್ ಹತ್ರ?”

“ವೆರ್ನ್ ಅಂದ್ರೆ ಯಾರು?” ಎಂದ ಡೆಲ್ಮರ್. ಮೂವತ್ತು ವರ್ಷದಿಂದ ಪ್ರತಿ ಶುಕ್ರವಾರ ಅವನ ಹತ್ತಿರ ಮೀನು ತಿಂದವನು.

ಆರ್ಡಿಸ್‌ಗೆ ಸಿಟ್ಟೂ ಬಂತು, ನಗೂ ಬಂತು. ಕೊಟ್ಟಿಗೆ ಸುಟ್ಟವರನ್ನು ಬಾಯಿ ಬಿಡಿಸಿದವಳಿಗೆ ಈ ಮನುಷ್ಯನನ್ನು ಬಗ್ಗಿಸಲು ಆಗುತ್ತಿಲ್ಲವಲ್ಲ.

“ಬಾಯಿ ಬಿಡಬೇಡ. ಹೌದಾದ್ರೆ ತಲೆ ಆಡಿಸು. ಜಾಡೀಲಿದ್ದ ದುಡ್ಡು ನೀನು ಯಾರಿಗೋ ಕೊಟ್ಟೆ.”

“ತಲೆ ಆಡಿಸೋದೂ ಹೇಳಿದ ಹಾಗೇ.”

“ಹಾಗಾದ್ರೆ ಆಲೂಗೆಡ್ಡೆ ತಿರುವಿ ಹಾಕು.”

ಡೆಲ್ಮರ್ ಒಂದು ಕ್ಷಣ ಯೋಚಿಸಿ, ಸಟ್ಟುಗ ಎತ್ತಿ, ಬಾಣಲೆಯ ಆಲೂಗೆಡ್ಡೆಯನ್ನು ಬಹಳ ಶ್ರದ್ಧೆಯಿಂದ ತಿರುವಿ ಹಾಕಿದ.

ವಾರದಿಂದ ಇವನ ಎದುರು ಕೂತು ಉಂಡೆದ್ದಿದ್ದಳು ಆರ್ಡಿಸ್. ಬಾಯಿ ತಪ್ಪಿ ಒಂದೇ ಒಂದು ಸಲ ಓರಿನ್‌ನ ಹೆಸರು ಹೇಳಿದ್ದರೆ ಇವನು ಚಮಚ ಕೆಳಗೆ ಬೀಳಿಸುತ್ತಿದ್ದ, ಕೇಸು ಅಂದೇ ಮುಗಿಯುತ್ತಿತ್ತು. ಅವಳು ಬಾಯಿ ಕಟ್ಟಿಕೊಂಡಿದ್ದಳು. ಇವನೂ ಕಟ್ಟಿಕೊಂಡಿದ್ದ. ನಡುವೆ ಬರೀ ಉಪ್ಪಿನ ಡಬ್ಬಿ ಆಕಡೆ ಈಕಡೆ ಓಡಾಡಿತ್ತು.

“ಕೇಳು,” ಎಂದಳು ಮೆಲ್ಲಗೆ. “ಯಾರು, ಎಲ್ಲಿ, ಏನು, ಒಂದೂ ಹೇಳಲ್ಲ ನಾನು. ಆ ದುಡ್ಡು ಹೋದ ದಾರಿ ಗೊತ್ತಾಗದೆ ಒಬ್ಬರ ಕೆಲಸ ಹೋಗ್ತಿದೆ. ನಾಳೆ ಸಂಜೆ. ಕೆಲಸದ ಜೊತೆ ಹೆಸರೂ ಹೋಗ್ತಿದೆ.”

ಡೆಲ್ಮರ್ ಒಲೆ ಆರಿಸಿದ. ಎದುರಿಗೆ ಬಂದು ಕೂತ. ತೃಪ್ತಿಯೆಲ್ಲ ಮುಖದಿಂದ ಇಳಿದುಹೋಗಿತ್ತು.

“ಇದು ನನಗೆ ಗೊತ್ತಿರಲಿಲ್ಲ ಕಣೇ. ದೇವರಾಣೆ. ಓರಿನ್ ಆ ದಿನ ಟೊಪ್ಪಿಗೆ ಹಾಕ್ಕೊಂಡು ಕುಂಟುತ್ತಾ ಹೋದದ್ದು ನೋಡಿ ಹೊಟ್ಟೆ ಉರೀತು. ಅವನು ಇಲ್ಲದಿದ್ರೆ ಆ ವರ್ಷ ನಾನು ಐಸ್ ಒಡೆದು ಕೆರೆ ತಳ ಸೇರ್ತಿದ್ದೆ, ನಿನಗೇ ಗೊತ್ತಲ್ಲ. ವೆರ್ನ್ ಲಾಟರಿ ದುಡ್ಡು ನನ್ನ ಕೈಗೆ ಕೊಟ್ಟ. ನನ್ನದನ್ನೂ ಸೇರಿಸಿದೆ. ಬಟ್ಟೆ ಒಗೆಯೋ ಅಂಗಡಿಯವನಿಗೆ ಚಿಲ್ಲರೆ ಬೇಕಿತ್ತು, ನೋಟು ಮಾಡಿಕೊಟ್ಟ. ಮೀನು ಹಿಡಿಯೋಕೆ ಹಳೇ ಸಲಾಕೆ ಸಾಕು.”

ಆರ್ಡಿಸ್ ಅವನ ಕೈ ಹಿಡಿದುಕೊಂಡಳು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಈ ಮನುಷ್ಯನ ಮೇಲೆ ಪ್ರೀತಿ ಉಕ್ಕುವುದುಂಟು ಎಂದು ಅವಳಿಗೆ ಆಶ್ಚರ್ಯವಾಯಿತು. ಕೇಸೂ ಮುಗಿದಿತ್ತು. ನಾಳೆ ಇವನು ಕ್ಲೇಟನ್ ಮುಂದೆ ನಿಂತು ಇದನ್ನೇ ಹೇಳಿದರೆ ಮಾರ್ಲಿಸ್ ತಲೆ ಎತ್ತಿ ನಡೆಯುತ್ತಾಳೆ. ಓರಿನ್ ಒಂದೆರಡು ದಿನ ಉರಿದುಕೊಂಡಾನು, ಆಮೇಲೆ ಇಳಿದಾನು.

“ಎಷ್ಟಾಯ್ತು ಒಟ್ಟು?”

“ಲಾಟರಿಯದು ಆರುನೂರ ಹನ್ನೆರಡು. ಜಾಡಿಯದು ನೂರ ಎಂಬತ್ತೊಂದು ಡಾಲರ್ ಮೂವತ್ತೇಳು ಸೆಂಟು. ಸೇರಿ ಏಳುನೂರ ತೊಂಬತ್ತಮೂರು ಮತ್ತೆ ಆ ಮೂವತ್ತೇಳು ಸೆಂಟು.”

ಆರ್ಡಿಸ್ ಅವನ ಕೈ ಬಿಟ್ಟಳು.

“ಇನ್ನೊಂದು ಸಲ ಹೇಳು.”

ಅವನು ಹೇಳಿದ. ಸೆಂಟು ಸರಿ. ನೂರು ಸರಿ. ಸಾವಿರ ಮಾತ್ರ ಇಲ್ಲ.

“ನೀನು ಅದಕ್ಕೆ ಇನ್ನೂ ಎರಡು ಸಾವಿರ ಸೇರಿಸಿದ್ಯಾ?”

“ಎರಡು ಸಾವಿರ ಇದ್ದಿದ್ರೆ ಮಷಿನ್ ತಗೊಂಡು, ಅದನ್ನ ಎಳೆಯೋಕೆ ಗಾಡೀನೂ ತಗೊಳ್ತಿದ್ದೆ.”

“ಬ್ಯಾಂಕಿನ ಚೀಟೀಲಿ ಯಾವ ಚೌಕಕ್ಕೆ ಗುರುತು ಹಾಕಿದೆ?”

“ನಾನೆಲ್ಲಿ ಬ್ಯಾಂಕಿನೊಳಗೆ ಹೋದೆ?” ಡೆಲ್ಮರ್ ತಲೆ ಕೆರೆದುಕೊಂಡ. “ಕೌಂಟರಲ್ಲಿ ಕೂರೋದು ಓರಿನ್ ತಂಗಿ ಮಗಳು. ಅವಳ ಬಾಯಲ್ಲಿ ಏನೂ ನಿಲ್ಲಲ್ಲ. ಲಕೋಟೆ ಅಂಟಿಸಿ, ಮೇಲೆ ಓರಿನ್ ಹೆಸರು, ಆರೋಗ್ಯ ಖಾತೆಗೆ ಅಂತ ಬರೆದು, ಏನು ಮಾಡಲಿ ಅಂತ ಗಾಡೀಲೇ ಕೂತಿದ್ದೆ. ಅಷ್ಟರಲ್ಲಿ ಕಾರ್ಖಾನೆ ಚೀಲ ಹಿಡ್ಕೊಂಡು ಅವನು ಬಂದ. ಏನಪ್ಪಾ ಡೆಲ್ಮರ್, ಒಳಗೆ ಬರಲ್ವಾ ಅಂದ. ಹೀಗೀಗೆ ಅಂದೆ. ಅದಕ್ಕೇನು, ಕೊಡು, ಚೀಲದ ಜೊತೆ ಕಂಡೀಲಿ ಹಾಕಿಬಿಡ್ತೀನಿ, ಕಾರ್ಖಾನೆ ಹಾಕಿದ ಹಾಗೆ ಕಂಡ್ರೆ ಓರಿನ್ ತುಟಿ ಬಿಚ್ಚಲ್ಲ ಅಂದ. ಒಳ್ಳೇ ಮನುಷ್ಯ ಅಂದುಕೊಂಡೆ.”

“ಯಾರು, ಡೆಲ್ಮರ್?”

“ಇನ್ಯಾರು. ಕ್ಲೇಟನ್.”

ಆರ್ಡಿಸ್ ಜಾಡಿಯನ್ನು ನೋಡುತ್ತ ಕೂತಳು. ಹಣ ಎಲ್ಲಿಂದ ಬಂತೆಂದು ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನೇ, ಎಲ್ಲಿಂದ ಬಂತು ತೋರಿಸು ಎಂದು ಮಾರ್ಲಿಸ್‌ಳ ಕುತ್ತಿಗೆ ಹಿಡಿದಿದ್ದ.

ಗೋಡೆಯ ಫೋನು ರಿಂಗಣಿಸಿತು.

“ಆರ್ಡಿಸ್, ನಾನು ಮಾರ್ಲಿಸ್.” ದನಿ ಸಣ್ಣಗಿತ್ತು. “ಕ್ಲೇಟನ್ ಮನೆಗೇ ಬಂದಿದ್ದಾನೆ. ನಾಳೆ ತನಕ ಯಾಕೆ ಎಳೆದಾಡೋದು ಅಂತಾನೆ. ರಾಜೀನಾಮೆ ಅವನೇ ಬರೆದುಕೊಂಡು ಬಂದಿದ್ದಾನೆ. ಸಹಿ ಹಾಕಿದ್ರೆ ವಿಷಯ ಹೊರಗೆ ಬಿಡಲ್ವಂತೆ, ಪೊಲೀಸರೂ ಬೇಡವಂತೆ. ಹಾಕಿಬಿಡಲಾ?”

“ಪೆನ್ ಎಲ್ಲಿದೆ?”

“ಕೈಲಿದೆ.”

“ಕೆಳಗಿಡು. ಆಮೇಲೆ ಫೋನ್ ಅವನಿಗೆ ಕೊಡು.”

ಆಚೆ ಕುರ್ಚಿ ಸರಿದ ಸದ್ದು. ಯಾರೋ ಲಿಂಬೆ ಬಾರ್ ಅಗಿದು ನುಂಗಿದ ಸದ್ದು.

“ಆರ್ಡಿಸ್, ಇದು ಕಾರ್ಖಾನೆಯ ವಿಷಯ,” ಎಂದ ಕ್ಲೇಟನ್ ರೈಶ್, ಬಹಳ ಸೌಜನ್ಯದಿಂದ. “ನೀನು ಮಧ್ಯೆ ಬರೋದು ಬೇಡ.”

“ಬರಲ್ಲಪ್ಪ. ನಮ್ಮ ಮನೆಯ ವಿಷಯ ಒಂದಿತ್ತು, ಅದಕ್ಕೆ ಕರೆದೆ. ಡಿಸೆಂಬರಿನಲ್ಲಿ ಬ್ಯಾಂಕಿನ ಅಂಗಳದಲ್ಲಿ ನಮ್ಮ ಡೆಲ್ಮರ್ ನಿನ್ನ ಕೈಗೆ ಒಂದು ಲಕೋಟೆ ಕೊಟ್ಟನಂತೆ. ಅಂಟಿಸಿದ ಲಕೋಟೆ. ನೆನಪಿದೆಯಾ?”

ಆಚೆ ಕಡೆ ಅಗಿಯುವುದು ನಿಂತಿತು. ಆಮೇಲೆ ಬಂದ ದನಿಯಲ್ಲಿ ಮ್ಯಾನೇಜರ್ ಇರಲಿಲ್ಲ, ಹೆದರಿದ ಒಬ್ಬ ಗಂಡಸಿದ್ದ.

“ಇಲ್ಲಿ ಮಾರ್ಲಿಸ್ ಇದ್ದಾಳೆ, ಅವಳ ಮುಂದೆ ಬೇಡ,” ಎಂದು ಪಿಸುಗುಟ್ಟಿದ. “ನಂಬು ಆರ್ಡಿಸ್. ಆ ಎರಡು ಸಾವಿರ ನನ್ನದಲ್ಲ.”

ಆರ್ಡಿಸ್ ಗಂಡನತ್ತ ತಿರುಗಿ ನೋಡಿದಳು. ಲಕೋಟೆಯ ಹಣದ ಮೇಲೆ ಎರಡು ಸಾವಿರ ಬಿದ್ದದ್ದು, ಅದನ್ನು ಬಿಚ್ಚಿ ಎಣಿಸಿದವನಿಗಷ್ಟೇ ಗೊತ್ತಿರಲು ಸಾಧ್ಯ; ಕ್ಲೇಟನ್ ಜೊತೆ ಎರಡು ಸಾವಿರದ ಮಾತನ್ನು ಅವಳು ಎತ್ತಿಯೇ ಇರಲಿಲ್ಲ.